ವರ್ಷಕ್ಕೆ ಮೂರು ‘ಅರ್ಧ’: ಈಟನ್ ಶಾಲೆಯ ಒಳಮಾತು

ಒಂದು ವರ್ಷದಲ್ಲಿ ಎಷ್ಟು ಅರ್ಧಗಳಿವೆ ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಎರಡು ಎನ್ನುತ್ತದೆ. ಇಂಗ್ಲೆಂಡಿನ ಈಟನ್ ಶಾಲೆಯ ಹುಡುಗ ಮಾತ್ರ ಮೂರು ಎನ್ನುತ್ತಾನೆ. ಅದು ಅವನ ಲೆಕ್ಕದ ದೋಷವಲ್ಲ. ನಮ್ಮ ಶಾಲೆಗಳಲ್ಲಿ ‘ಟರ್ಮ್’ ಎಂದು ಕರೆಯುವ ಅವಧಿಗೆ ಅಲ್ಲಿ ‘ಹಾಫ್’ ಎಂದು ಹೆಸರು. ಒಂದು ಕಾಲಕ್ಕೆ ವರ್ಷಕ್ಕೆ ಎರಡೇ ಅವಧಿಗಳಿದ್ದವು, ಆಮೇಲೆ ಮೂರಾದವು. ಅವಧಿ ಬದಲಾಯಿತು, ಹೆಸರು ಬದಲಾಗಲಿಲ್ಲ.

ಅಲ್ಲಿ ಹಾಜರಿ ಕರೆಯುವ ಪದ್ಧತಿಗಿದ್ದ ಹೆಸರು ‘ಆಬ್ಸೆನ್ಸ್’, ಅಂದರೆ ಗೈರುಹಾಜರಿ! ‘ಜೂನ್ ನಾಲ್ಕು’ ಎಂಬ ಶಾಲೆಯ ದೊಡ್ಡ ಹಬ್ಬ ಸಾಮಾನ್ಯವಾಗಿ ಜೂನ್ ನಾಲ್ಕರಂದು ನಡೆಯುವುದಿಲ್ಲ. ಹೊಸದಾಗಿ ಸೇರಿದ ಹುಡುಗ ‘ಎಫ್’ ವರ್ಗದಲ್ಲಿರುತ್ತಾನೆ, ಓದು ಮುಗಿಸಿ ಹೊರಡುವವನು ‘ಬಿ’ ವರ್ಗದಲ್ಲಿ, ಅಕ್ಷರಮಾಲೆಯೇ ಹಿಂದುಮುಂದು. ಇವೆಲ್ಲಕ್ಕೂ ಕಳಶವಿಟ್ಟಂತೆ, ಈ ಖಾಸಗಿ ಶಾಲೆಯನ್ನು ಇಂಗ್ಲಿಷರು ಕರೆಯುವುದು ‘ಪಬ್ಲಿಕ್ ಸ್ಕೂಲ್’ ಎಂದು.

ಹುಡುಗರು ಒಂದೆಡೆ ಸೇರಿದರೆ ತಮ್ಮದೇ ಒಂದು ಮಾತು ಕಟ್ಟಿಕೊಳ್ಳುವುದು ಎಲ್ಲ ಕಡೆಯೂ ಉಂಟು. ನಮ್ಮ ಹಳ್ಳಿಯ ಮಕ್ಕಳೂ ಅಕ್ಷರಕ್ಕೊಂದು ‘ಕ’ ಸೇರಿಸಿ ‘ಕ’ ಭಾಷೆ ಆಡಿ ದೊಡ್ಡವರನ್ನು ಕಕ್ಕಾಬಿಕ್ಕಿ ಮಾಡುತ್ತಾರೆ. ಆದರೆ ಆ ಆಟ ಮೀಸೆ ಮೂಡುವ ಹೊತ್ತಿಗೆ ಮರೆತುಹೋಗುತ್ತದೆ. ಈಟನ್ನಿನ ಮಾತು ಹಾಗಲ್ಲ. ಅದು ನೂರಾರು ವರ್ಷಗಳಿಂದ ಒಬ್ಬರಿಂದ ಒಬ್ಬರಿಗೆ ದಾಟಿ ಬಂದಿದೆ. ಆ ಮಾತು ಬಲ್ಲವನು ಒಳಗಿನವನು, ಅರಿಯದವನು ಹೊರಗಿನವನು. ಆ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಶಾಲೆ ತಾನೇ ಮರೆತಂತಿರುವ ಹಳೆಯ ಸಂಗತಿಗಳು ಅವುಗಳೊಳಗೆ ಇನ್ನೂ ಉಳಿದಿರುವುದು ಕಾಣುತ್ತದೆ.

ಬಡವರಿಗಾಗಿ ಕಟ್ಟಿದ ಶಾಲೆ

ಥೇಮ್ಸ್ ನದಿಯ ದಡದಲ್ಲಿ, ವಿಂಡ್ಸರ್ ಅರಮನೆಯ ಎದುರಿಗೆ ಈ ಶಾಲೆಯನ್ನು ಸ್ಥಾಪಿಸಿದವನು ದೊರೆ ಆರನೆಯ ಹೆನ್ರಿ, ವರ್ಷ 1440. ಆಗ ದೊರೆಗೆ ಹದಿನೆಂಟು ವರ್ಷ. ಎಪ್ಪತ್ತು ಮಂದಿ ಬಡ ಹುಡುಗರಿಗೆ ಇಲ್ಲಿ ಪುಕ್ಕಟೆ ಊಟ, ವಸತಿ, ವಿದ್ಯೆ. ಓದು ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಅದೇ ದೊರೆ 1441ರಲ್ಲಿ ಸ್ಥಾಪಿಸಿದ ಕಿಂಗ್ಸ್ ಕಾಲೇಜಿಗೆ ಪ್ರವೇಶ. ಇದು ಮೂಲ ಏರ್ಪಾಡು.

ಶಾಲೆಗೆ ಒಳ್ಳೆಯ ಹೆಸರು ಬಂದಂತೆ ಹಣವಂತರೂ ತಮ್ಮ ಮಕ್ಕಳನ್ನು ಕಳಿಸತೊಡಗಿದರು. ಅವರಿಗೆ ಶಾಲೆಯ ಒಳಗೆ ಇರಲು ಜಾಗವಿರಲಿಲ್ಲ. ಊರಿನ ಮನೆಗಳಲ್ಲಿ ಬಾಡಿಗೆಗಿದ್ದು ಪಾಠಕ್ಕೆ ಬರುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಊರಿಗೆ ‘ಒಪ್ಪಿಡಮ್’ ಎನ್ನುತ್ತಾರೆ. ಹಾಗಾಗಿ ಈ ಹುಡುಗರು ‘ಒಪ್ಪಿಡನ್’ಗಳಾದರು, ಅಂದರೆ ಊರಿನವರು. ಶಾಲೆಯ ಎಪ್ಪತ್ತು ಮಂದಿ ‘ಕಿಂಗ್ಸ್ ಸ್ಕಾಲರ್’, ಅಂದರೆ ದೊರೆಯ ವಿದ್ಯಾರ್ಥಿಗಳು. ಇವರು ಕಪ್ಪು ನಿಲುವಂಗಿ ತೊಡಬೇಕಿತ್ತು. ಲ್ಯಾಟಿನ್‌ನಲ್ಲಿ ನಿಲುವಂಗಿ ತೊಟ್ಟವರಿಗೆ ‘ತೋಗಾತಿ’ ಎನ್ನುವುದರಿಂದ ಒಪ್ಪಿಡನ್ ಹುಡುಗರು ಇವರಿಗೆ ‘ಟಗ್’ ಎಂದು ಅಡ್ಡಹೆಸರಿಟ್ಟರು. ಅದರಲ್ಲಿ ಸ್ವಲ್ಪ ಹೀಯಾಳಿಕೆಯೂ ಸೇರಿತ್ತು. ಧರ್ಮಕ್ಕೆ ಓದುವವರು, ಪುಸ್ತಕದ ಹುಳುಗಳು ಎಂಬ ಹೀಯಾಳಿಕೆ ಅದು.

ಯಾರಿಗಾಗಿ ಶಾಲೆ ಕಟ್ಟಿತೋ ಅವರೇ ನಗೆಪಾಟಲಿನವರಾದರು; ಹೊರಗೆ ಬಾಡಿಗೆಗಿದ್ದವರೇ ಶಾಲೆಯ ಒಡೆಯರಂತಾದರು. ಇಂದು ಅಲ್ಲಿನ ಸುಮಾರು 1,300 ಹುಡುಗರಲ್ಲಿ ಕಿಂಗ್ಸ್ ಸ್ಕಾಲರ್‌ಗಳು ಅದೇ ಎಪ್ಪತ್ತು; ಉಳಿದವರೆಲ್ಲ ಒಪ್ಪಿಡನ್‌ಗಳು. ಈಗ ಕಿಂಗ್ಸ್ ಸ್ಕಾಲರ್ ಆಗುವುದು ಬಡತನದ ಬಲದಿಂದಲ್ಲ, ಕಠಿಣ ಪ್ರವೇಶ ಪರೀಕ್ಷೆಯ ಬಲದಿಂದ.

‘ಪಬ್ಲಿಕ್ ಸ್ಕೂಲ್’ ಎಂಬ ಹೆಸರಿನ ಕತೆಯೂ ಇಂಥದ್ದೇ. ಸಿರಿವಂತರು ಮನೆಗೇ ಉಪಾಧ್ಯಾಯರನ್ನು ಕರೆಸಿ ಮಕ್ಕಳಿಗೆ ಪಾಠ ಹೇಳಿಸುತ್ತಿದ್ದ ಕಾಲದಲ್ಲಿ, ಯಾವ ಊರಿನ ಹುಡುಗನಾದರೂ ಶುಲ್ಕ ಕೊಟ್ಟು ಸೇರಬಹುದಾದ ಶಾಲೆ ‘ಸಾರ್ವಜನಿಕ’ ಎನಿಸಿತ್ತು. 1868ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈಟನ್, ವಿಂಚೆಸ್ಟರ್, ಹ್ಯಾರೋ, ರಗ್ಬಿ ಸೇರಿದಂತೆ ಏಳು ಶಾಲೆಗಳಿಗಾಗಿ ‘ಪಬ್ಲಿಕ್ ಸ್ಕೂಲ್ಸ್’ ಕಾಯಿದೆಯನ್ನೇ ಮಾಡಿತು. ಅಲ್ಲಿಗೆ ಆ ಹೆಸರು ಗಟ್ಟಿಯಾಯಿತು. ಇಂದು ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲೂ ಖಾಸಗಿ ಶಾಲೆಗಳು ‘ಪಬ್ಲಿಕ್ ಸ್ಕೂಲ್’ ಎಂದು ಫಲಕ ಹಾಕಿಕೊಳ್ಳುವುದರ ಮೂಲ ಇದು.

ಹೊಸ ಹುಡುಗನ ಮೊದಲ ದಿನಗಳು

ಹದಿಮೂರು ವರ್ಷದ ಹುಡುಗ ಈಟನ್ನಿಗೆ ಬಂದು ಇಳಿದಾಗ ಅವನ ಕಿವಿಗೆ ಬೀಳುವ ಭಾಷೆ ಇಂಗ್ಲಿಷೇ ಆದರೂ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಉಪಾಧ್ಯಾಯರಿಗೆ ‘ಬೀಕ್’ ಎನ್ನುತ್ತಾರೆ. ಈ ಪದಕ್ಕೆ ಹಕ್ಕಿಯ ಕೊಕ್ಕು ಎಂದರ್ಥ. ಇಂಗ್ಲಿಷ್ ಆಡುಮಾತಿನಲ್ಲಿ ದಂಡಾಧಿಕಾರಿಗೂ ಅದೇ ಹೆಸರು. ತರಗತಿಗೆ ‘ಡಿವ್’. ಒಬ್ಬ ಉಪಾಧ್ಯಾಯರ ಕೈಕೆಳಗೆ ಓದುವುದಕ್ಕೆ ಅವರಿಗೆ ‘ಅಪ್ ಟು’ ಆಗಿರುವುದು ಎನ್ನುತ್ತಾರೆ. ತಿಂಡಿಗೆ ‘ಸಾಕ್’. ಬೆಳಗಿನ ವಿರಾಮದಲ್ಲಿ ಅಧ್ಯಾಪಕರೆಲ್ಲ ಒಂದೆಡೆ ಸೇರುವುದಕ್ಕೆ ‘ಚೇಂಬರ್ಸ್’. ಅವಧಿಯ ಕೊನೆಯ ಪರೀಕ್ಷೆಗೆ ‘ಟ್ರಯಲ್ಸ್’, ಅಂದರೆ ವಿಚಾರಣೆ.

ಹುಡುಗರು ಇರುವುದು ಇಪ್ಪತ್ತೈದು ‘ಹೌಸ್’ಗಳಲ್ಲಿ. ಒಂದೊಂದು ಹೌಸ್‌ಗೆ ಒಬ್ಬ ಮುಖ್ಯಸ್ಥರು, ಜೊತೆಗೆ ಹುಡುಗರ ಆರೋಗ್ಯ, ಬಟ್ಟೆಬರೆ ನೋಡಿಕೊಳ್ಳುವ ಒಬ್ಬ ಮಹಿಳೆ. ಆಕೆಗೆ ‘ಡೇಮ್’ ಎಂದು ಹೆಸರು. ಹಿಂದೆ ಊರಿನಲ್ಲಿ ಒಪ್ಪಿಡನ್ ಹುಡುಗರಿಗೆ ಊಟ, ವಸತಿ ಕೊಡುತ್ತಿದ್ದ ಗೃಹಿಣಿಯರಿಗೆ ಇದ್ದ ಹೆಸರು ಅದು. ಆ ಬಾಡಿಗೆ ಮನೆಗಳು ಹೋಗಿ ಎಷ್ಟೋ ಕಾಲವಾಯಿತು. ಅವುಗಳನ್ನು ನಡೆಸುತ್ತಿದ್ದ ಹೆಂಗಸರ ನೆನಪು ಈ ಒಂದು ಪದದಲ್ಲಿ ಉಳಿದಿದೆ. ಹೌಸ್‌ನ ಹಿರಿಯ ಹುಡುಗರ ಕೂಟಕ್ಕೆ ‘ಲೈಬ್ರರಿ’ ಎಂಬ ಹೆಸರಿದೆ. ಅದಕ್ಕೂ ಪುಸ್ತಕಕ್ಕೂ ಸಂಬಂಧ ಅಷ್ಟಕ್ಕಷ್ಟೇ.

ಒಳಮಾತು ಕಲಿಯುವುದು ಎಷ್ಟು ಗಂಭೀರವಾದ ಕೆಲಸ ಎಂಬುದಕ್ಕೆ ಈಟನ್ನಿಗಿಂತಲೂ ಹಳೆಯದಾದ ವಿಂಚೆಸ್ಟರ್ ಶಾಲೆಯನ್ನು ನೋಡಬೇಕು. 1382ರಲ್ಲಿ ಸ್ಥಾಪನೆಯಾದ ಆ ಶಾಲೆಯಲ್ಲಿ ಇಂಥ ಪದಗಳಿಗೆ ‘ನೋಷನ್’ ಎನ್ನುತ್ತಾರೆ. ಆ ಹೆಸರೂ ಒಂದು ನೋಷನ್ನೇ. ಅಲ್ಲಿ ಹೊಸ ಹುಡುಗನಿಗೆ ಒಬ್ಬ ಹಿರಿಯ ಹುಡುಗ ನೋಷನ್‌ಗಳನ್ನು ಹೇಳಿಕೊಡುತ್ತಿದ್ದ. ಕೆಲವು ವಾರಗಳಾದ ಮೇಲೆ ಹಿರಿಯರ ಮುಂದೆ ನಿಂತು ಅವನು ಪರೀಕ್ಷೆ ಕೊಡಬೇಕಿತ್ತು. ಶಾಲೆಯ ಪದಕೋಶಗಳೂ ಅಚ್ಚಾಗಿದ್ದವು. ಪಾಠದ ಪರೀಕ್ಷೆಗಿಂತ ಮೊದಲು ಮಾತಿನ ಪರೀಕ್ಷೆ! ಮನೆಯಿಂದ ದೂರ ಬಂದ ಎಳೆಯನಿಗೆ ಅದು ಅಂಜಿಕೆಯೂ ಹೌದು, ಗೆದ್ದರೆ ಹೆಮ್ಮೆಯೂ ಹೌದು.

ಹರಿದ ಹಾಳೆ, ತಡದ ಪುಸ್ತಕ

ಶಿಕ್ಷೆಯ ಪದಗಳು ಈಟನ್ನಿನ ನಿಘಂಟಿನಲ್ಲಿ ದೊಡ್ಡ ಜಾಗ ಪಡೆದಿವೆ. ಹುಡುಗ ಬರೆದುಕೊಟ್ಟ ಕೆಲಸ ತೀರ ಕಳಪೆಯಾಗಿದ್ದರೆ ಉಪಾಧ್ಯಾಯರು ಹಾಳೆಯ ಮೇಲ್ತುದಿಯನ್ನು ಸ್ವಲ್ಪ ಹರಿದು ಹಿಂದಿರುಗಿಸುತ್ತಾರೆ. ಇದು ‘ರಿಪ್’. ಆ ಹರಿದ ಹಾಳೆಯನ್ನು ಹೌಸ್ ಮುಖ್ಯಸ್ಥರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಬರಬೇಕು. ಪಾಠಕ್ಕೆ ತಡವಾಗಿ ಬರುವವನು ‘ಟಾರ್ಡಿ ಬುಕ್’ನಲ್ಲಿ, ಅಂದರೆ ತಡದ ಪುಸ್ತಕದಲ್ಲಿ, ಕೆಲವು ದಿನ ಬೆಳಿಗ್ಗೆ ಎದ್ದು ಹೋಗಿ ಸಹಿ ಮಾಡಬೇಕು. ದೊಡ್ಡ ತಪ್ಪು ಮಾಡಿದವನ ಹೆಸರು ‘ಬಿಲ್’ಗೆ ಸೇರುತ್ತದೆ, ಅವನು ಮುಖ್ಯೋಪಾಧ್ಯಾಯರ ಮುಂದೆ ಹಾಜರಾಗಬೇಕು.

‘ಜಾರ್ಜಿಕ್’ ಎಂಬ ಶಿಕ್ಷೆ ಇನ್ನೂ ವಿಚಿತ್ರ. ರೋಮಿನ ಕವಿ ವರ್ಜಿಲ್ ಬೇಸಾಯ, ಗಿಡಮರ, ದನಕರು, ಜೇನು ಸಾಕಣೆಗಳ ಬಗ್ಗೆ ಬರೆದ ಕಾವ್ಯದ ಹೆಸರು ‘ಜಾರ್ಜಿಕ್ಸ್’. ಅದರ ಒಂದೊಂದು ಭಾಗದಲ್ಲೂ ನೂರಾರು ಸಾಲುಗಳಿವೆ. ತಪ್ಪು ಮಾಡಿದ ಹುಡುಗ ಆ ಸಾಲುಗಳನ್ನು ನಕಲು ಮಾಡಬೇಕಿತ್ತು. ಉಳುಮೆಯನ್ನು ಹಾಡಿ ಹೊಗಳಿದ ಕಾವ್ಯ ಹುಡುಗರ ಪಾಲಿಗೆ ದಂಡದ ಹೆಸರಾಯಿತು.

ಇವೆಲ್ಲ ಸೌಮ್ಯವಾದವು. ಬರ್ಚ್ ಮರದ ಕಡ್ಡಿಗಳ ಕಟ್ಟಿನಿಂದ ಹೊಡೆಯುವುದು ಶತಮಾನಗಳ ಕಾಲ ಅಲ್ಲಿನ ದಿನಚರಿಯಾಗಿತ್ತು. 1809ರಿಂದ 1834ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಜಾನ್ ಕೀಟ್ 1832ರಲ್ಲಿ ಒಂದೇ ದಿನ ಎಂಬತ್ತು ಹುಡುಗರಿಗೆ ಹೊಡೆದದ್ದು ಶಾಲೆಯ ಚರಿತ್ರೆಯಲ್ಲಿ ದಾಖಲಾಗಿದೆ. 1960ರ ದಶಕದಲ್ಲಿ ಬರ್ಚ್ ಹೋಗಿ ಬೆತ್ತ ಬಂತು. 1980ರ ದಶಕದಲ್ಲಿ ಅದೂ ಹೋಯಿತು. ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಹೊಡೆಯುವುದನ್ನು ಕಾನೂನೇ ನಿಷೇಧಿಸಿದ್ದು 1999ರಲ್ಲಿ.

‘ಬಾಯ್’ ಎಂದು ಕೂಗಿದರೆ

ಈಟನ್ನಿನ ಪದಗಳಲ್ಲಿ ಅತ್ಯಂತ ಕಹಿಯಾದದ್ದು ‘ಫ್ಯಾಗ್’. ಕಿರಿಯ ಹುಡುಗ ಹಿರಿಯ ಹುಡುಗನ ಆಳಾಗಿ ದುಡಿಯುವ ಪದ್ಧತಿಗೆ ‘ಫ್ಯಾಗಿಂಗ್’ ಎನ್ನುತ್ತಿದ್ದರು. ಹಿರಿಯನಿಗೆ ಚಹಾ ಮಾಡಿಕೊಡುವುದು, ರೊಟ್ಟಿ ಸುಡುವುದು, ಬೂಟು ಉಜ್ಜುವುದು, ಚೀಟಿ ತಲುಪಿಸುವುದು ಇವನ ಕೆಲಸ. ‘ಲೈಬ್ರರಿ’ಯ ಹುಡುಗನೊಬ್ಬ ಪಡಸಾಲೆಯಲ್ಲಿ ನಿಂತು ‘ಬಾಯ್’ ಎಂದು ಎಳೆದು ಕೂಗಿದರೆ ಕಿರಿಯರೆಲ್ಲ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಬೇಕು. ಕೊನೆಗೆ ಬಂದು ಮುಟ್ಟಿದವನಿಗೆ ಕೆಲಸ.

ಇಂದು ಆಳಾದವನೇ ನಾಲ್ಕು ವರ್ಷದ ಮೇಲೆ ಅರಸನಾಗುತ್ತಾನೆ, ಹಾಗಾಗಿ ಇದು ನ್ಯಾಯವೇ ಎಂಬುದು ಹಳೆಯವರ ವಾದವಾಗಿತ್ತು. ಅತ್ತೆಯ ಕಾಟ ತಿಂದ ಸೊಸೆ ತಾನು ಅತ್ತೆಯಾದ ದಿನ ತೀರಿಸಿಕೊಳ್ಳುವ ಲೆಕ್ಕದಂತೆಯೇ ಇದು. ಎಲ್ಲರೂ ಇದಕ್ಕೆ ತಲೆಬಾಗಲಿಲ್ಲ. 1804ರಲ್ಲಿ ಈಟನ್ ಸೇರಿದ ಕವಿ ಪಿ.ಬಿ. ಶೆಲ್ಲಿ ಯಾರ ಆಳಾಗಲೂ ಒಪ್ಪಲಿಲ್ಲ. ಅದರ ಫಲವಾಗಿ ಹುಡುಗರ ಗುಂಪು ಅವನನ್ನು ಅಟ್ಟಿಸಿಕೊಂಡು ಹೋಗಿ ಕಾಡುತ್ತಿತ್ತು. ‘ಹುಚ್ಚು ಶೆಲ್ಲಿ’ ಎಂಬ ಹೆಸರೂ ಅಂಟಿತು. ಒಳಗಿನ ರೂಢಿಗೆ ಒಗ್ಗದವನಿಗೆ ಅಲ್ಲಿ ಹುಚ್ಚನೆಂಬ ಪಟ್ಟ ಸಿದ್ಧವಿತ್ತು.

ಫ್ಯಾಗಿಂಗ್ 1970ರ ದಶಕದಲ್ಲಿ ಸಡಿಲವಾಗುತ್ತ ಬಂದು, 1980ರ ಸುಮಾರಿಗೆ ನಿಂತಿತು. ಪದ್ಧತಿ ಹೋದ ಮೇಲೆ ಪದವೂ ಶಾಲೆಯ ಬಾಯಿಯಿಂದ ಹೋಯಿತು. ಉಳಿದೆಲ್ಲ ಪದಗಳನ್ನು ಜೋಪಾನ ಮಾಡಿದ ಶಾಲೆ ಇದೊಂದನ್ನು ಉಳಿಸಿಕೊಳ್ಳಲಿಲ್ಲ.

ಬಣ್ಣದ ವೇಸ್ಟ್‌ಕೋಟು

ಈಟನ್ ಹುಡುಗನ ಉಡುಪು ಜಗತ್ತಿಗೇ ಗೊತ್ತು: ಹಿಂದೆ ಬಾಲದಂತೆ ಇಳಿಬಿದ್ದ ಕಪ್ಪು ಕೋಟು, ಕಪ್ಪು ವೇಸ್ಟ್‌ಕೋಟು, ಗೀರು ಗೀರಿನ ಷರಾಯಿ. ಮೂರನೆಯ ಜಾರ್ಜ್ ದೊರೆ 1820ರಲ್ಲಿ ತೀರಿಕೊಂಡಾಗ ಶೋಕಕ್ಕೆಂದು ತೊಟ್ಟ ಕಪ್ಪು ಬಟ್ಟೆಯೇ ಉಳಿದುಬಂತು ಎಂಬ ಕತೆ ಪ್ರಚಾರದಲ್ಲಿದೆ. ಅದಕ್ಕೆ ಆಧಾರವಿಲ್ಲ. ಎತ್ತರದ ರೇಷ್ಮೆ ಟೊಪ್ಪಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಬಿದ್ದುಹೋಯಿತು.

ಈ ಕಪ್ಪಿನ ನಡುವೆ ಕೆಲವರು ಮಾತ್ರ ಬಣ್ಣ ಬಣ್ಣದ, ಚಿತ್ತಾರದ ವೇಸ್ಟ್‌ಕೋಟು ತೊಟ್ಟು ತಿರುಗುತ್ತಾರೆ. ಅವರು ‘ಪಾಪ್’ ಸದಸ್ಯರು. 1811ರಲ್ಲಿ ಚರ್ಚಾಕೂಟವಾಗಿ ಹುಟ್ಟಿದ ಈ ಸಂಘಕ್ಕೆ ಹೆಸರು ಬಂದದ್ದು ಲ್ಯಾಟಿನ್ನಿನ ‘ಪೊಪೀನಾ’ದಿಂದ. ಹಾಗೆಂದರೆ ತಿಂಡಿ ಅಂಗಡಿ. ಸಂಘ ಮೊದಲು ಸೇರುತ್ತಿದ್ದದ್ದು ಅಂಥ ಅಂಗಡಿಯ ಮಹಡಿಯಲ್ಲಿ. ಬರಬರುತ್ತ ಚರ್ಚೆ ಹಿಂದೆ ಬಿದ್ದು ಅಧಿಕಾರ ಮುಂದೆ ಬಂತು. ಹೊಸ ಸದಸ್ಯರನ್ನು ಹಳೆಯ ಸದಸ್ಯರೇ ಆರಿಸುತ್ತಿದ್ದರು. ಉಳಿದ ಹುಡುಗರಿಗೆ ಬೆತ್ತದೇಟು ಕೊಡುವ ಹಕ್ಕೂ ಇತ್ತು. ಈಗ ಆ ಹಕ್ಕಿಲ್ಲ, ಆಯ್ಕೆಯಲ್ಲಿ ಅಧ್ಯಾಪಕರ ಮಾತೂ ನಡೆಯುತ್ತದೆ. ವೇಸ್ಟ್‌ಕೋಟಿನ ಬಣ್ಣ ಮಾತ್ರ ಮಾಸಿಲ್ಲ.

ಗೋಲು ಬಾರದ ಆಟ

ಆಟದಲ್ಲೂ ಹುಡುಗರಿಗೆ ಜಾತಿಗಳುಂಟು. ನದಿಯಲ್ಲಿ ದೋಣಿ ಹುಟ್ಟು ಹಾಕುವವನು ‘ವೆಟ್ ಬಾಬ್’, ಕ್ರಿಕೆಟ್ ಆಡುವವನು ‘ಡ್ರೈ ಬಾಬ್’, ಎರಡೂ ಬೇಡವೆನ್ನುವವನು ‘ಸ್ಲ್ಯಾಕ್ ಬಾಬ್’, ಅಂದರೆ ಸೋಮಾರಿ. ‘ಜೂನ್ ನಾಲ್ಕು’ ಮೂರನೆಯ ಜಾರ್ಜ್ ದೊರೆಯ ಹುಟ್ಟುಹಬ್ಬ. ಅಂದಿನ ದೋಣಿ ಮೆರವಣಿಗೆಯಲ್ಲಿ ಹುಡುಗರು ಹಳೆಯ ಕಾಲದ ನಾವಿಕರ ಉಡುಪು ತೊಟ್ಟು, ಟೊಪ್ಪಿಗೆ ಹೂ ಸಿಕ್ಕಿಸಿಕೊಂಡು, ತೇಲುವ ದೋಣಿಯಲ್ಲೇ ಎದ್ದು ನಿಲ್ಲುತ್ತಾರೆ. ಆಯ ತಪ್ಪಿ ನೀರಿಗೆ ಬಿದ್ದರೆ ನೋಡುಗರಿಗೆ ಹಬ್ಬವೋ ಹಬ್ಬ.

‘ವಾಲ್ ಗೇಮ್’ ಎಂಬುದು ಈಟನ್ ಬಿಟ್ಟರೆ ಬೇರೆಲ್ಲೂ ಇಲ್ಲದ ಗೋಡೆಯಾಟ. 1717ರಲ್ಲಿ ಕಟ್ಟಿದ ಒಂದು ಇಟ್ಟಿಗೆ ಗೋಡೆ. ಅದರ ಪಕ್ಕದಲ್ಲಿ ಸುಮಾರು 110 ಮೀಟರ್ ಉದ್ದ, 5 ಮೀಟರ್ ಅಗಲದ ನೆಲ. ಎರಡೂ ತಂಡಗಳಲ್ಲಿ ಹತ್ತು ಹತ್ತು ಹುಡುಗರು. ಚೆಂಡನ್ನು ಗೋಡೆಯ ಉದ್ದಕ್ಕೂ ತಳ್ಳಿಕೊಂಡು ಹೋಗಬೇಕು. ಒಂದು ತುದಿಯ ಗೋಲು ತೋಟದ ಬಾಗಿಲು, ಇನ್ನೊಂದು ತುದಿಯದು ಒಂದು ಮರ. ನೋಡುವವರಿಗೆ ಕಾಣುವುದು ಕೆಸರಿನಲ್ಲಿ ಹೊರಳುವ ಮೈಗಳ ರಾಶಿ ಮಾತ್ರ. ನವೆಂಬರ್ 30ರ ಸಂತ ಆಂಡ್ರೂ ದಿನದ ಹೆಸರಿನಲ್ಲಿ ಕಿಂಗ್ಸ್ ಸ್ಕಾಲರ್‌ಗಳಿಗೂ ಒಪ್ಪಿಡನ್‌ಗಳಿಗೂ ನಡೆಯುವ ಪಂದ್ಯದಲ್ಲಿ ಕೊನೆಯ ಗೋಲು ಬಂದದ್ದು 1909ರಲ್ಲಿ! ಎಪ್ಪತ್ತು ಹುಡುಗರೊಳಗಿಂದ ಆರಿಸಿದ ತಂಡ ಸಾವಿರದ ಇನ್ನೂರಕ್ಕೂ ಹೆಚ್ಚು ಹುಡುಗರೊಳಗಿಂದ ಆರಿಸಿದ ತಂಡವನ್ನು ವರ್ಷ ವರ್ಷ ಎದುರಿಸಿ ನಿಲ್ಲುತ್ತದೆ. ‘ಟಗ್’ ಎಂದು ಕರೆಸಿಕೊಂಡವರ ಮಾನದ ಪ್ರಶ್ನೆ ಅದು.

ಆ ಕೆಸರಿನಲ್ಲಿ ಹೊರಳಿದವರಲ್ಲಿ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಎರಿಕ್ ಬ್ಲೇರ್ ಕೂಡ ಒಬ್ಬ. 1917ರಿಂದ 1921ರವರೆಗೆ ಅವನು ಇಲ್ಲಿ ಕಿಂಗ್ಸ್ ಸ್ಕಾಲರ್. ಮುಂದೆ ಜಾರ್ಜ್ ಆರ್ವೆಲ್ ಎಂಬ ಹೆಸರಿನಿಂದ ಬರೆದು, ಅಧಿಕಾರವು ಮಾತಿನ ಮರೆಯಲ್ಲಿ ಸತ್ಯವನ್ನು ಮುಚ್ಚಿಡುವ ಬಗೆಯನ್ನು ಜಗತ್ತಿಗೆ ತಿಳಿಹೇಳಿದವನು ಅವನೇ.

ಶ್ರೀರಂಗಪಟ್ಟಣ, ಬೆಂಗಳೂರು

ಈಟನ್ನಿನ ನೆರಳು ಕನ್ನಡ ನಾಡಿನ ಮೇಲೂ ಬಿದ್ದಿದೆ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನು ಕಸಿದ ಕಾರ್ನ್‌ವಾಲಿಸ್ ಈಟನ್ನಿನ ಹಳೆಯ ವಿದ್ಯಾರ್ಥಿ. 1799ರಲ್ಲಿ ಟಿಪ್ಪುವಿನ ಮೇಲೆ ಕೊನೆಯ ಯುದ್ಧ ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಆ ಯುದ್ಧದಲ್ಲಿ ಕಾದಾಡಿ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ ಇಬ್ಬರೂ ಅಲ್ಲಿಯವರೇ. ಈ ಆರ್ಥರನೇ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. ವಾಟರ್ಲೂ ಯುದ್ಧವನ್ನು ಗೆದ್ದದ್ದು ಈಟನ್ನಿನ ಆಟದ ಬಯಲಿನಲ್ಲಿ ಎಂಬ ಮಾತನ್ನು ಅವನ ಬಾಯಿಗೆ ಹಚ್ಚುತ್ತಾರೆ. ಅವನು ಹಾಗೆ ಹೇಳಿದ್ದಕ್ಕೆ ಆಧಾರ ಸಿಕ್ಕಿಲ್ಲ.

ಕತ್ತಿಯ ಹಿಂದೆಯೇ ಶಾಲೆಯೂ ಬಂತು. ರಗ್ಬಿ ಶಾಲೆಯಲ್ಲಿ ಥಾಮಸ್ ಅರ್ನಾಲ್ಡ್ ಅವರ ಕೈಕೆಳಗೆ ಪಾಠ ಹೇಳಿದ್ದ ಜಾರ್ಜ್ ಕಾಟನ್ 1858ರಲ್ಲಿ ಕಲ್ಕತ್ತೆಯ ಬಿಷಪ್ ಆದರು. ಇಂಗ್ಲೆಂಡಿನ ಮಾದರಿಯ ಶಾಲೆಗಳು ಭಾರತದಲ್ಲೂ ಆಗಬೇಕೆಂದು ಶ್ರಮಿಸಿದ ಅವರ ಹೆಸರನ್ನು ಹೊತ್ತ ಶಾಲೆ ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾಯಿತು. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ.ಯು. ಪೋಪ್ ಕೆಲಕಾಲ ಅದರ ಮುಖ್ಯಸ್ಥರಾಗಿದ್ದರು. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಅಲ್ಲಿ ಓದಿದವರು. ಮುಂದೆ 1935ರಲ್ಲಿ ಡೆಹ್ರಾಡೂನಿನಲ್ಲಿ ಡೂನ್ ಶಾಲೆ ತೆರೆದಾಗ ಅದರ ಮೊದಲ ಮುಖ್ಯೋಪಾಧ್ಯಾಯರಾಗಿ ಬಂದ ಆರ್ಥರ್ ಫುಟ್ ಈಟನ್ನಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು.

ಹೀಗೆ ಬಂದ ಪದಗಳು ಈಗ ನಮ್ಮವೇ ಆಗಿಹೋಗಿವೆ. ಕ್ರೀಡಾ ದಿನದಂದು ಕೆಂಪು, ನೀಲಿ, ಹಸಿರು, ಹಳದಿ ‘ಹೌಸ್’ಗಳಾಗಿ ಮಕ್ಕಳು ಸಾಲುಗಟ್ಟುತ್ತಾರೆ. ಆ ಮಕ್ಕಳು ಸಂಜೆಗೆ ತಮ್ಮ ತಮ್ಮ ಮನೆಗೇ ಹೋಗುವವರು. ಆದರೂ ಅವರದು ಒಂದು ‘ಹೌಸ್’. ಇಂಗ್ಲೆಂಡಿನ ವಸತಿ ಶಾಲೆಯಲ್ಲಿ ಅದು ನಿಜವಾದ ಮನೆಯಾಗಿತ್ತು. ಇಲ್ಲಿ ಬರಿಯ ಬಣ್ಣವಾಗಿದೆ.

ಪದ ಹೇಳುವ ಸಾಕ್ಷಿ

ಬ್ರಿಟನ್ನಿನ ಮೊದಲ ಪ್ರಧಾನಿ ರಾಬರ್ಟ್ ವಾಲ್ಪೋಲ್‌ನಿಂದ 2019ರಲ್ಲಿ ಪ್ರಧಾನಿಯಾದ ಬೋರಿಸ್ ಜಾನ್ಸನ್‌ವರೆಗೆ ಇಪ್ಪತ್ತು ಮಂದಿ ಪ್ರಧಾನಿಗಳು ಈಟನ್ನಿನಿಂದ ಬಂದಿದ್ದಾರೆ. ಒಂದೇ ಶಾಲೆಯ ಹುಡುಗರು ಒಂದು ದೇಶವನ್ನು ಇಷ್ಟು ಕಾಲ ಆಳಿದಾಗ, ಅವರ ಒಳಮಾತನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ‘ನಮ್ಮವನು’ ಎಂದು ಗುರುತಿಸಲು ಒಂದು ಪದ ಸಾಕು. ‘ನಮ್ಮವನಲ್ಲ’ ಎಂದು ಬಾಗಿಲು ಹಾಕಲೂ ಅದೇ ಪದ ಸಾಕು. ಅಂಥ ಪದಗಳನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಅವು ದೊರೆಯುವುದು ಹದಿಮೂರನೆಯ ವಯಸ್ಸಿನಲ್ಲಿ ಆ ಗೋಡೆಯೊಳಗೆ ಹೋದವನಿಗೆ ಮಾತ್ರ.

ಹಾಗೆ ಒಳಗೆ ಹೋಗಲು ಈಗ ಬೇಕಾದ ಹಣ ಸಣ್ಣದಲ್ಲ. 2025ರ ಜನವರಿಯಿಂದ ಬ್ರಿಟಿಷ್ ಸರ್ಕಾರ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇಕಡ 20ರ ತೆರಿಗೆ ಹಾಕಿದ ಮೇಲೆ ಈಟನ್ನಿನ ವಾರ್ಷಿಕ ಶುಲ್ಕ 60 ಸಾವಿರ ಪೌಂಡನ್ನು ದಾಟಿತು. ನಮ್ಮ ಹಣದಲ್ಲಿ 60 ಲಕ್ಷ ರೂಪಾಯಿಗೂ ಹೆಚ್ಚು. ಬುದ್ಧಿವಂತರಾದ ಬಡ ಹುಡುಗರಿಗೆ ಶಾಲೆ ನೆರವು ಕೊಡುತ್ತದೆ, ಶುಲ್ಕವೇ ಇಲ್ಲದೆ ಓದುವವರೂ ಇದ್ದಾರೆ. ಆದರೂ ಬಡವರ ಶಾಲೆ ಎಂದು ಇಂದು ಅದನ್ನು ಯಾರೂ ಕರೆಯಲಾರರು.

ಆದರೆ ಪದಗಳು ಕರೆಯುತ್ತಲೇ ಇವೆ. ಈಟನ್ನಿನ ಬಹುಪಾಲು ಹುಡುಗರು ಇಂದಿಗೂ ತಮ್ಮನ್ನು ‘ಒಪ್ಪಿಡನ್’ ಎಂದು ಹೇಳಿಕೊಳ್ಳುತ್ತಾರೆ. ನಾವು ಈ ಶಾಲೆಯವರಲ್ಲ, ಊರಿನಲ್ಲಿ ಬಾಡಿಗೆಗಿದ್ದು ಓದಲು ಬಂದವರು ಎಂದು ಅದರ ಅರ್ಥ. ಬಾಗಿಲ ಒಳಗೆ ದೊರೆ ಯಾರಿಗಾಗಿ ಎಲೆ ಹಾಕಿಸಿದ್ದನೋ ಆ ಎಪ್ಪತ್ತು ಮಂದಿಯ ಕಪ್ಪು ನಿಲುವಂಗಿಯೂ ದಿನಾ ಬೆಳಿಗ್ಗೆ ಕಣ್ಣೆದುರೇ ಹಾದುಹೋಗುತ್ತದೆ.